ಕುದುರೆಯೂ ಕಾಲುವೆಯೂ

ಗದ್ದೆಯ ಕೊಯ್ಲು ಮುಗಿದ ಮೇಲೆ ಬುಕ್ಕಸಾಗರದ ಹುಡುಗರಿಗೆ ಒಂದು ಮೈದಾನ ದೊರೆಯುತ್ತದೆ. ಕೊಯ್ಲಿಗೂ ಮುಂದಿನ ನಾಟಿಗೂ ನಡುವಣ ಕೆಲವು ವಾರಗಳ ಮಟ್ಟಿಗೆ ಮಾತ್ರ ಅದು ಮೈದಾನ. ಕಾಲುವೆಗೆ ನೀರು ಬಿಟ್ಟರೆಂದರೆ ಮತ್ತೆ ಅದು ಗದ್ದೆಯೇ. ಕೂಳೆ ಕಾಲಿಗೆ ಚುಚ್ಚುತ್ತದೆ; ಚೆಂಡು ನೆಟ್ಟಗೆ ಉರುಳದೆ ಬದುವಿಗೆ ತಾಗಿ ಅಡ್ಡ ಹಾರುತ್ತದೆ. ಈ ಕಡೆ ಎರಡು, ಆ ಕಡೆ ಎರಡು ಕಲ್ಲು ಇಟ್ಟರೆ ಗೋಲು ಸಿದ್ಧವಾಯಿತು. ಹಂಪೆಯ ಸೀಮೆಯಲ್ಲಿ ಇನ್ನು ಯಾವುದಕ್ಕೆ ಬಡತನವಿದ್ದರೂ ಕಲ್ಲಿಗೆ ಬಡತನವಿಲ್ಲ.

ಸಂಜೆಯ ಹೊತ್ತು ಆ ಬದುವಿನ ಮೇಲೆ ಕುಳಿತು ಆಟವನ್ನು ನೋಡುವುದು ನನ್ನ ಬಹುಕಾಲದ ಅಭ್ಯಾಸ. ಪಾಠ ಹೇಳಿ ದಣಿದ ಮೇಷ್ಟರಿಗೆ ಹುಡುಗರನ್ನು ಪಾಠದ ಹೊರಗೆ ನೋಡುವುದೇ ಒಂದು ವಿಶ್ರಾಂತಿ. ಕಳೆದ ಸುಗ್ಗಿಯಲ್ಲಿ ಹೀಗೆ ಕುಳಿತಿದ್ದಾಗ ಬಾಳೆತೋಟದ ರೈತರೊಬ್ಬರು ಪಕ್ಕಕ್ಕೆ ಬಂದು ಕುಳಿತರು. ಅವರ ಮಗ ಆ ಗುಂಪಿನಲ್ಲಿದ್ದ, ಹದಿಮೂರರ ಹುಡುಗ. ಚೆಂಡು ಅವನ ಕಾಲಿಗೆ ಬಂದರೆ ಕೂಳೆಗದ್ದೆಯೂ ಒಂದು ಗಳಿಗೆ ಸಪಾಟಾದಂತೆ ತೋರುತ್ತಿತ್ತು. ಯಾವುದೋ ಪಂದ್ಯದಲ್ಲಿ ಅವನನ್ನು ಕಂಡ ತರಬೇತುದಾರರೊಬ್ಬರು, ದೂರದ ಊರಿನ ವಸತಿ ಅಕಾಡೆಮಿಯೊಂದರ ಆಯ್ಕೆಗೆ ಬರಹೇಳಿದ್ದರಂತೆ. ತಂದೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದರು: “ಸಾರ್, ನೀವು ಓದಿದೋರು. ಹುಡುಗನ್ನ ಕಳಿಸ್ಲೋ ಬ್ಯಾಡೋ, ನೀವೇ ಹೇಳ್ರಿ.”

ನಾನು ಆಗ ಉತ್ತರ ಹೇಳಲಿಲ್ಲ. “ಎರಡು ದಿನ ಬಿಟ್ಟು ಹೇಳ್ತೀನಿ” ಎಂದೆ. ಆ ಎರಡು ದಿನಗಳಲ್ಲಿ ನನ್ನ ತಲೆಯಲ್ಲಿ ಸುಳಿದಾಡಿದ ವಿಚಾರಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಪ್ರಶ್ನೆ ಒಬ್ಬ ತಂದೆಯದಾದರೂ ಅದನ್ನೇ ಇಂದು ದೊಡ್ಡ ದೊಡ್ಡ ದೇಶಗಳೂ ಕೇಳಿಕೊಳ್ಳುತ್ತಿವೆ. ಮಗುವನ್ನು ಹೊರಗೆ ಕಳುಹಿಸಿದರೆ ಬೆಳೆದೀತೆ? ಬೆಳೆದ ಮಗು ಮನೆಗೆ ಒದಗೀತೆ?

*

ಅಮೆರಿಕಾ ಸಂಯುಕ್ತ ಸಂಸ್ಥಾನದ ಸಂಗತಿಯನ್ನು ಮೊದಲು ನೋಡೋಣ. ಸಂಪತ್ತಿನಲ್ಲಿ, ಮೈದಾನಗಳಲ್ಲಿ, ಕ್ರೀಡಾವೈದ್ಯದಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಆದರೂ 2017ನೆಯ ಇಸವಿ ಅಕ್ಟೋಬರ್ 10ರಂದು ಟ್ರಿನಿಡಾಡ್ ದ್ವೀಪದಲ್ಲಿ ಆ ದೇಶದ ತಂಡ 2–1ರಿಂದ ಸೋತು, 2018ರ ವಿಶ್ವಕಪ್ಪಿನ ಬಾಗಿಲಿನಿಂದಲೇ ಹಿಂದಿರುಗಿತು. 1990ರಿಂದ ಒಮ್ಮೆಯೂ ತಪ್ಪದ ಪ್ರವೇಶ ಅಂದು ತಪ್ಪಿತು. ಅಂದಿನ ತಂಡದಲ್ಲಿ ಕ್ರಿಶ್ಚಿಯನ್ ಪುಲಿಸಿಕ್ ಎಂಬ ಹತ್ತೊಂಬತ್ತರ ತರುಣನಿದ್ದ. ಪೆನ್ಸಿಲ್ವೇನಿಯಾದ ಹರ್ಶಿ ಎಂಬ ಊರಿನವನಾದ ಆತ ಹದಿನಾರನೆಯ ವಯಸ್ಸಿಗೇ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬನ್ನು ಸೇರಿದ್ದ. ಅವನ ಹಿಂದೆಯೂ ಮುಂದೆಯೂ ಅನೇಕ ಅಮೆರಿಕನ್ ಹುಡುಗರು ಅಟ್ಲಾಂಟಿಕ್ ದಾಟಿದರು. ಟೆಕ್ಸಾಸಿನ ಡಾಲಸ್ ಕ್ಲಬ್ಬಿನಲ್ಲಿ ಬೆಳೆದ ವೆಸ್ಟನ್ ಮೆಕೆನಿ 2016ರಲ್ಲಿ ಜರ್ಮನಿಯ ಶಾಲ್ಕೆ ಸೇರಿದ. 2022ರ ವಿಶ್ವಕಪ್ಪಿಗೆ ಹೋದ ಅಮೆರಿಕದ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯೂರೋಪಿನ ಕ್ಲಬ್ಬುಗಳವರು. ಆ ತಂಡ ಕೊನೆಯ ಹದಿನಾರರ ಸುತ್ತನ್ನು ಮುಟ್ಟಿ, ನೆದರ್ಲೆಂಡ್ಸಿಗೆ 3–1ರಿಂದ ಸೋತು ಮರಳಿತು.

ಇದರಿಂದ ಅವಸರದ ತೀರ್ಮಾನವೊಂದು ಹೊರಡುತ್ತದೆ: ಹುಡುಗರನ್ನು ಹೊರದೇಶಕ್ಕೆ ಕಳುಹಿಸಿರಿ, ರಾಷ್ಟ್ರೀಯ ತಂಡ ತಾನಾಗಿ ಮೇಲೇಳುತ್ತದೆ ಎಂದು. ಆದರೆ ಆ ಹುಡುಗರು ಹೊರಟದ್ದು ಬರಿಗೈಯಲ್ಲಿ ಅಲ್ಲ. 1996ರಲ್ಲಿ ಅಮೆರಿಕದಲ್ಲಿ ವೃತ್ತಿ ಲೀಗ್ ಪ್ರಾರಂಭವಾಯಿತು. 2007ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಎಳೆಯರ ಕ್ಲಬ್ಬುಗಳನ್ನು ಒಗ್ಗೂಡಿಸಿ, ವರ್ಷದ ಬಹುಭಾಗ ನಡೆಯುವ ಪಂದ್ಯಮಾಲೆಯನ್ನು ಕಟ್ಟಿತು. ಡಾರ್ಟ್‌ಮಂಡಿಗೆ ಹೋಗುವುದಕ್ಕೆ ಮೊದಲು ಪುಲಿಸಿಕ್ಕನೂ, ಶಾಲ್ಕೆಗೆ ಹೋಗುವುದಕ್ಕೆ ಮೊದಲು ಮೆಕೆನಿಯೂ ಹಲವು ವರ್ಷ ಮನೆಯ ಮಣ್ಣಿನಲ್ಲಿ ಆಡಿದ್ದರು. ಜರ್ಮನಿ ಅವರಿಗೆ ಸಾಣೆ ಹಿಡಿಯಿತು. ಕಬ್ಬಿಣ ಕಾಯ್ದದ್ದು ಮನೆಯ ಕುಲುಮೆಯಲ್ಲಿ.

*

ಹೊರಗೆ ಹೋಗಿ ಬೆಳೆಯುವ ಈ ಕಥೆ ನಮಗೆ ಹೊಸದಲ್ಲ. ನಮ್ಮ ಹಳೆಯ ಮೈಸೂರಿನ ಕಾಲ್ಚೆಂಡಿನ ಇತಿಹಾಸವೆಲ್ಲ ಒಂದು ಬಗೆಯಲ್ಲಿ ಊರು ಬಿಟ್ಟವರ ಇತಿಹಾಸವೇ ಆಗಿದೆ. ಅಂದಿನ ವಿದೇಶವೆಂದರೆ ಕಲಕತ್ತೆ.

1948ರಲ್ಲಿ, ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬುವ ಮೊದಲೇ, ಭಾರತದ ತಂಡ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2–1ರಿಂದ ಸೋತರು. ಆ ಒಂದು ಗೋಲನ್ನು, ಒಲಿಂಪಿಕ್ಸಿನಲ್ಲಿ ಭಾರತದ ಮೊತ್ತಮೊದಲ ಗೋಲನ್ನು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮರುವರ್ಷ ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿಯ ಐವರು ಮುಂಚೂಣಿಯ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಅಹಮದ್ ಖಾನ್ ಅವರಲ್ಲೊಬ್ಬರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅವರಿದ್ದರು. 1956ರಲ್ಲಿ ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಮೋಹನ ಬಾಗಾನಿನಲ್ಲಿ ಹೆಸರು ಮಾಡಿದವರು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಅವರೂ ಮೋಹನ ಬಾಗಾನಿನವರೇ.

ಇವರೆಲ್ಲ ಕಲಕತ್ತೆಗೆ ಹೋಗದಿದ್ದರೆ ಭಾರತಕ್ಕೆ ಆ ತಂಡ ಸಿಗುತ್ತಿತ್ತೆ? ಸಿಗುತ್ತಿರಲಿಲ್ಲ. ಬೆಂಗಳೂರಿನ ಕಂಟೋನ್ಮೆಂಟಿನ ಮೈದಾನಗಳಲ್ಲಿ ಮೊದಲು ಆಡದಿದ್ದರೆ ಅವರು ಕಲಕತ್ತೆಗೆ ಬೇಕಾಗುತ್ತಿದ್ದರೆ? ಅದೂ ಇಲ್ಲ. ಅವರು ಹೋದರೂ ಇಲ್ಲಿಯ ಒರತೆ ಬತ್ತಲಿಲ್ಲವೆಂಬುದಕ್ಕೆ ಸಂತೋಷ್ ಟ್ರೋಫಿಯೇ ಸಾಕ್ಷಿ. 1946–47ರಲ್ಲಿ ಗೆದ್ದ ಮೈಸೂರು 1952–53ರಲ್ಲಿಯೂ, 1967–68 ಮತ್ತು 1968–69ರಲ್ಲಿ ಸಾಲಾಗಿಯೂ ಅದನ್ನು ಗೆದ್ದಿತು. ಮಕ್ಕಳು ಹೊರಗೆ ಹೋದರೂ ಮನೆಯಲ್ಲಿ ಮಕ್ಕಳಿದ್ದ ಕಾಲ ಅದು. ಆಮೇಲೆ ಏನಾಯಿತು? ಮುಂದಿನ ಗೆಲುವಿಗೆ ನಾವು 54 ವರ್ಷ ಕಾದೆವು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ಮೇಲೆ ಆ ಕಪ್ಪು ಮತ್ತೆ ಕರ್ನಾಟಕಕ್ಕೆ ಬಂದಿತು. ನಡುವಣ ಅರ್ಧ ಶತಮಾನದಲ್ಲಿ ಹೋದವರ ಸಂಖ್ಯೆ ಹೆಚ್ಚಿತೆಂದು ಬಡತನ ಬಂದದ್ದಲ್ಲ. ಮನೆಯ ಬಾವಿಗೆ ನೀರು ಊಡುವವರು ಕಡಮೆಯಾದದ್ದರಿಂದ ಬಂದದ್ದೆಂದು ನನ್ನ ಎಣಿಕೆ.

ಹೋಗುವುದರಲ್ಲಿ ಇನ್ನೊಂದು ಕಷ್ಟವಿದೆ. ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದಕ್ಕಾಗುವುದಿಲ್ಲ. 1936ರಲ್ಲಿ ಕಲಕತ್ತೆಯ ಮಹಮ್ಮದ್ ಸಲೀಮ್ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗಾಗಿ ಆಡಿದರು. ಬೂಟು ತೊಡದೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಅವರಾಡಿದ ಆಟಕ್ಕೆ ಗ್ಲಾಸ್ಗೋದ ಜನ ಬೆರಗಾದರು. ಕ್ಲಬ್ಬು ಇರಿಸಿಕೊಳ್ಳಲು ಬಯಸಿತು. ಸಲೀಮರು ನಿಲ್ಲಲಿಲ್ಲ, ಮನೆಯ ನೆನಪು ಹಿಡಿದೆಳೆಯಿತು, ಹಿಂದಿರುಗಿದರು. ಇದನ್ನು ದೌರ್ಬಲ್ಯವೆಂದು ನಗುವವರು ಹದಿಮೂರರ ಮಗನನ್ನು ಒಮ್ಮೆ ಬಸ್ಸು ಹತ್ತಿಸಿ ನೋಡಬೇಕು. 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದ ಬೈಚುಂಗ್ ಭುಟಿಯಾ, 2010ರಲ್ಲಿ ಅಮೆರಿಕದ ಕಾನ್ಸಾಸ್ ನಗರಕ್ಕೂ 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡಕ್ಕೂ ಹೋದ ಸುನಿಲ್ ಛೇತ್ರಿ, 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿದ ಗುರ್‌ಪ್ರೀತ್ ಸಿಂಗ್ ಸಂಧು, 2020ರಲ್ಲಿ ಗ್ಲಾಸ್ಗೋದ ರೇಂಜರ್ಸ್ ಸೇರಿದ ಮಣಿಪುರದ ಬಾಲಾದೇವಿ, 2022ರಲ್ಲಿ ಸೈಪ್ರಸ್ಸಿನ ಕ್ಲಬ್ಬಿನ ಪರವಾಗಿ ಯೂರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮನೀಷಾ ಕಲ್ಯಾಣ್, ಇವರೆಲ್ಲರೂ ಅದೇ ಚಳಿಯನ್ನು, ಅದೇ ಒಂಟಿತನವನ್ನು ಸಹಿಸಿದವರು. ಇವರ ಹೆಸರನ್ನು ಒಂದೇ ವಾಕ್ಯದಲ್ಲಿ ಮುಗಿಸುವಂತಾಯಿತಲ್ಲ, ಅದೇ ನಮ್ಮ ದೇಶದ ಅವಸ್ಥೆ.

*

ಇಲ್ಲಿ ನಮ್ಮ ಸೀಮೆಯ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಹಜಾರರಾಮನ ಗುಡಿಯ ಹೊರಗೋಡೆಯ ಮೇಲೂ ಕುದುರೆಗಳ ಸಾಲು ಸಾಲನ್ನು ಕೆತ್ತಿದ್ದಾರೆ. ನೋಡಿದವರೆಲ್ಲರೂ ಮೆಚ್ಚುತ್ತಾರೆ. ಆ ಕುದುರೆಗಳಲ್ಲಿ ಶ್ರೇಷ್ಠವಾದವು ಅರಬ್ಬೀ ಸಮುದ್ರದಾಚೆಯಿಂದ ಬಂದವು. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ ನೂನಿಜ್ ಬರೆಯುವಂತೆ, ರಾಯರು ಹೊರ್ಮುಜಿನ ಕುದುರೆಗಳನ್ನೂ ನಾಡತಳಿಗಳನ್ನೂ ಸೇರಿಸಿ ವರುಷಕ್ಕೆ 13 ಸಾವಿರ ಕೊಳ್ಳುತ್ತಿದ್ದರು. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ! ಅಷ್ಟು ಬೇಡಿಕೆ, ಅಷ್ಟು ಪರಾಧೀನತೆ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಬಂದರಿನ ಬೀಗದ ಕೈಯೂ ಅವರದಾಯಿತು. ಕುದುರೆ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಹೊರಗಿನವನು ತೀರ್ಮಾನಿಸುವಂತಾಯಿತು.

ಆದರೆ ಅದೇ ಅರಸರು ಇನ್ನೊಂದು ಕೆಲಸವನ್ನೂ ಮಾಡಿದರು. ತುಂಗಭದ್ರೆಗೆ ಅಣೆಕಟ್ಟುಗಳನ್ನು ಹಾಕಿ ಕಾಲುವೆಗಳನ್ನು ತೋಡಿಸಿದರು. ಸಾವಿರ ಸಾವಿರ ಕುದುರೆಗಳಲ್ಲಿ ಇಂದು ಒಂದರ ಮೂಳೆಯೂ ಉಳಿದಿಲ್ಲ. ಉಳಿದದ್ದು ಕಲ್ಲಿನ ಚಿತ್ರ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳಾದರೋ ಐದುನೂರು ವರ್ಷಗಳ ಮೇಲೂ ಈ ಸೀಮೆಯ ಬಾಳೆಗೂ ಬತ್ತಕ್ಕೂ ನೀರುಣಿಸುತ್ತಿವೆ. ಕುದುರೆಯನ್ನು ಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ಯುದ್ಧಕ್ಕೆ ಅದು ಬೇಕಾಗಿತ್ತು. ಕೊಂಡ ಕುದುರೆ ಆ ಯುದ್ಧಕ್ಕೆ ಒದಗಿತು. ತೋಡಿದ ಕಾಲುವೆ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಒದಗಿತು ಎಂಬ ಭೇದವನ್ನು ಮಾತ್ರ ಮರೆಯಬಾರದು.

ರಾಷ್ಟ್ರೀಯ ತಂಡಕ್ಕೂ ಕುದುರೆಯ ದಾರಿಯೊಂದಿದೆ, ಕಾಲುವೆಯ ದಾರಿಯೊಂದಿದೆ. ಹೊರದೇಶದಲ್ಲಿ ಹುಟ್ಟಿ ಬೆಳೆದ, ಭಾರತೀಯ ಮೂಲದ ಆಟಗಾರರನ್ನು ಕರೆತನ್ನಿರೆಂಬ ಕೂಗು ಈಚಿನ ವರುಷಗಳಲ್ಲಿ ಬಲವಾಗಿದೆ. ನಮ್ಮ ಕಾಯಿದೆ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಲ್ಲದವರು ರಾಷ್ಟ್ರೀಯ ತಂಡದಲ್ಲಿ ಆಡುವಂತಿಲ್ಲ. ಜಪಾನಿನಲ್ಲಿ ಬೆಳೆದ ಅರಾತಾ ಇಝುಮಿ ಅಲ್ಲಿಯ ಪೌರತ್ವವನ್ನು ಬಿಟ್ಟು 2013ರಲ್ಲಿ ಭಾರತಕ್ಕಾಗಿ ಆಡಿದರು. ಬೆಂಗಳೂರು ಕ್ಲಬ್ಬಿನ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯದ ಪೌರತ್ವವನ್ನು ತೊರೆದು ಭಾರತೀಯರಾದರು. ಹುಟ್ಟಿದ ದೇಶದ ಪತ್ರವನ್ನು ಹಿಂದಿರುಗಿಸುವುದು ಸಾಮಾನ್ಯವಾದ ತ್ಯಾಗವಲ್ಲ. ಅಂಥವರನ್ನು ನಾವು ಎರಡು ಕೈ ಚಾಚಿ ಬರಮಾಡಿಕೊಳ್ಳಬೇಕು. ನೆತ್ತರಿನ ಶುದ್ಧಿಯನ್ನು ಅಳೆಯುವ ತಕ್ಕಡಿ ಆಟದ ಮೈದಾನಕ್ಕೆ ಬೇಡ.

ಈ ದಾರಿಯಿಂದ ಗೆದ್ದವರಿಲ್ಲವೆ ಎಂದು ಕೇಳಿದರೆ, ಇದ್ದಾರೆ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಕುರಸಾವ್, ಸುಮಾರು ಒಂದೂವರೆ ಲಕ್ಷ ಜನರ ನಾಡು, 2025ರ ನವೆಂಬರಿನಲ್ಲಿ ವಿಶ್ವಕಪ್ಪಿಗೆ ಅರ್ಹತೆ ಪಡೆದು ಜಗತ್ತನ್ನು ಬೆರಗುಗೊಳಿಸಿತು. ಅದರ ಆಟಗಾರರಲ್ಲಿ ಬಹುತೇಕ ಎಲ್ಲರೂ ನೆದರ್ಲೆಂಡ್ಸಿನಲ್ಲಿ ಹುಟ್ಟಿ ಬೆಳೆದವರು. ಪ್ರತಿವಾದಿಗಳ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ಅಸ್ತ್ರವಿಲ್ಲ. ಆದರೆ ಕುರಸಾವ್ ಇಂದಿಗೂ ನೆದರ್ಲೆಂಡ್ಸ್ ಅರಸೊತ್ತಿಗೆಗೆ ಸೇರಿದ ನಾಡು. ಅಲ್ಲಿಯವರಿಗೂ ಡಚ್ಚರಿಗೂ ಒಂದೇ ಪಾಸ್‌ಪೋರ್ಟು. ಒಂದೇ ಮನೆಯ ಹಿತ್ತಲಿನಿಂದ ಪಡಸಾಲೆಗೆ ಬಂದಂತೆ ಅವರ ಹುಡುಗರು ಹೋಗಿ ಬರುತ್ತಾರೆ. ನಮಗೆ ಆ ಅನುಕೂಲವಿಲ್ಲ. ಒಂದೂವರೆ ಲಕ್ಷ ಜನರ ನಾಡಿಗೆ ಹನ್ನೊಂದು ಮಂದಿಯನ್ನು ಹೊರಗೆ ಹುಡುಕುವುದು ವಿವೇಕವಾದೀತು; ನೂರನಲವತ್ತು ಕೋಟಿಗೂ ಮೇಲ್ಪಟ್ಟ ಜನರ ನಾಡು ತನ್ನ ಹಿತ್ತಲನ್ನೇ ನೋಡದೆ ಹೊರಗೆ ಹುಡುಕುವುದು ವಿವೇಕವಾದೀತೆ?

ಕಾಲುವೆಯ ದಾರಿಯನ್ನು ಹಿಡಿದವರು ಐಸ್‌ಲೆಂಡಿನವರು. ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಮೆ. ವರ್ಷದ ಬಹುಭಾಗ ಹಿಮ, ಗಾಳಿ, ಕತ್ತಲೆ. ಈ ಶತಮಾನದ ಆದಿಯಲ್ಲಿ ಅವರು ಮಾಡಿದ್ದು ಎರಡೇ ಕೆಲಸ. ಚಳಿಗಾಲದಲ್ಲಿಯೂ ಆಡಲು ಅನುಕೂಲವಾಗುವಂತೆ ಚಾವಣಿಯುಳ್ಳ ಮೈದಾನಗಳನ್ನು ಕಟ್ಟಿದರು. ಆರೇಳು ವರ್ಷದ ಮಕ್ಕಳಿಗೂ ಪರೀಕ್ಷೆ ಪಾಸಾದ ತರಬೇತುದಾರರೇ ಕಲಿಸುವಂತೆ ಮಾಡಿದರು. ಅನಂತರ ಹುಡುಗರು ಹೊರದೇಶಗಳ ಕ್ಲಬ್ಬುಗಳಿಗೆ ತಾವಾಗಿ ಹೋದರು. 2016ರ ಯೂರೋಪ್ ಕಪ್ಪಿನಲ್ಲಿ ಅವರು ಇಂಗ್ಲೆಂಡನ್ನು 2–1ರಿಂದ ಸೋಲಿಸಿದರು. 2018ರಲ್ಲಿ ವಿಶ್ವಕಪ್ಪಿಗೂ ಹೋದರು. ಅಮೆರಿಕದ ಪಾಠವೂ ಇದೇ, ನಮ್ಮ ಹಳೆಯ ಬೆಂಗಳೂರಿನ ಪಾಠವೂ ಇದೇ: ತುಂಬಿದ ಕೆರೆಗೆ ಮಾತ್ರವೇ ಕೋಡಿ ಹರಿಯುವುದು.

*

ನಮ್ಮ ಕೆರೆ ತುಂಬಿದೆಯೆ? 2025ರ ಅಕ್ಟೋಬರ್ 14ರಂದು ಗೋವೆಯಲ್ಲಿ ಸಿಂಗಪುರಕ್ಕೆ 2–1ರಿಂದ ಸೋತು ಭಾರತ 2027ರ ಏಷ್ಯಾ ಕಪ್ಪಿನ ಆಸೆಯನ್ನು ಕಳೆದುಕೊಂಡಿತು. 1951ರಲ್ಲಿಯೂ 1962ರಲ್ಲಿಯೂ ಏಷ್ಯದ ಚಿನ್ನ ಗೆದ್ದ ದೇಶಕ್ಕೆ ಈಗ ಏಷ್ಯದ ಪಂಕ್ತಿಯಲ್ಲಿ ಎಲೆಯೂ ಇಲ್ಲದಂತಾಯಿತು. 2024ರಲ್ಲಿ ನಿವೃತ್ತಿ ಹೇಳಿದ್ದ ಛೇತ್ರಿಯವರನ್ನು ನಲವತ್ತರ ಅಂಚಿನಲ್ಲಿ ಮತ್ತೆ ಕರೆತಂದದ್ದು ಅವರ ಹಿರಿಮೆಗೆ ಎಷ್ಟು ಸಾಕ್ಷಿಯೋ ನಮ್ಮ ಬರಗಾಲಕ್ಕೂ ಅಷ್ಟೇ ಸಾಕ್ಷಿ. ಅದೇ 2025ರಲ್ಲಿ ದೇಶದ ಮುಖ್ಯ ಲೀಗ್ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯ ತಿಂಗಳುಗಟ್ಟಲೆ ಬೆಳೆಯಿತು. ಹೊರಗೆ ಹೋಗಬಯಸುವ ಹುಡುಗನಿಗೆ ಮನೆಯಲ್ಲಿ ಮೊದಲು ಆಡಲು ಪಂದ್ಯಗಳಾದರೂ ಬೇಡವೆ?

ಕತ್ತಲೆಯ ನಡುವೆ ಬೆಳಕೂ ಇದೆ. 2025ರ ಜುಲೈಯಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅದರ ನೆಲದಲ್ಲಿಯೇ 2–1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದರು. ನವೆಂಬರಿನಲ್ಲಿ ಹದಿನೇಳರ ಒಳಗಿನ ಹುಡುಗರು ಅಹಮದಾಬಾದಿನಲ್ಲಿ ಇರಾನನ್ನು 2–1ರಿಂದ ಸೋಲಿಸಿ ತಮ್ಮ ವಯಸ್ಸಿನ ಏಷ್ಯಾ ಕಪ್ಪಿಗೆ ಹೋಗುವ ಹಕ್ಕನ್ನು ಪಡೆದರು. ಹದಿನಾರು, ಹದಿನೇಳರಲ್ಲಿ ಇರಾನಿನ ಸಮಕ್ಕೆ ನಿಲ್ಲುವ ಹುಡುಗ ಇಪ್ಪತ್ಮೂರರಲ್ಲಿ ಏಕೆ ಹಿಂದೆ ಬೀಳುತ್ತಾನೆ? ನಡುವಣ ಆ ಆರು ವರ್ಷಗಳಲ್ಲಿಯೇ ಪ್ರಶ್ನೆಯ ಗಂಟು ಇರುವುದು.

ಆ ವರ್ಷಗಳಲ್ಲಿ ಹೊರಗೆ ಕಳುಹಿಸೋಣವೆಂದರೆ ಅಂತರರಾಷ್ಟ್ರೀಯ ನಿಯಮ ಅಡ್ಡ ನಿಲ್ಲುತ್ತದೆ. ಹದಿನೆಂಟು ತುಂಬದ ಹುಡುಗ ಆಟಕ್ಕಾಗಿ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗವಾಗುವಂತಿಲ್ಲ. ಯೂರೋಪಿನ ಒಕ್ಕೂಟದೊಳಗೆ ಮಾತ್ರ ಹದಿನಾರಾದ ಮೇಲೆ ಹೋಗಬಹುದು. ಪುಲಿಸಿಕ್ ಹದಿನಾರರಲ್ಲಿಯೇ ಹೋಗಲು ಸಾಧ್ಯವಾದದ್ದು ಅವನ ತಾತನಿಂದ ಬಂದ ಕ್ರೊಯೇಷಿಯದ ಪಾಸ್‌ಪೋರ್ಟಿನಿಂದ. ಮೆಕೆನಿ ಹದಿನೆಂಟರವರೆಗೆ ಕಾದ. ಮಕ್ಕಳನ್ನು ಆಸೆ ತೋರಿಸಿ ಕರೆದೊಯ್ದು ಬೀದಿಯಲ್ಲಿ ಬಿಡುವ ದಲ್ಲಾಳಿಗಳಿಂದ ಕಾಪಾಡಲೆಂದೇ ಮಾಡಿದ ನಿಯಮವದು, ಅದು ಒಳ್ಳೆಯದೇ. ಆದರೆ ಅದರ ಅರ್ಥ ನಮಗೆ ಸ್ಪಷ್ಟವಾಗಬೇಕು. ಬುಕ್ಕಸಾಗರದ ಹುಡುಗನಾಗಲಿ ಇಂಫಾಲದ ಹುಡುಗನಾಗಲಿ ಹದಿನೆಂಟರವರೆಗೆ ಬೆಳೆಯುವುದು ಈ ನೆಲದಲ್ಲಿಯೇ. ಯಾವ ಜರ್ಮನಿಯೂ ನಮ್ಮ ಪಾಲಿನ ಆ ಕೆಲಸವನ್ನು ಮಾಡಿಕೊಡುವುದಿಲ್ಲ.

*

ಆ ಕೆಲಸದ ಒಂದು ಮಾದರಿ ನಮ್ಮ ನೆರೆಯಲ್ಲಿಯೇ ಇದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ವಿದ್ಯಾನಗರದಲ್ಲಿ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆ ಪ್ರಾರಂಭವಾಯಿತು. ನೀರಜ್ ಚೋಪ್ರಾ ಭರ್ಜಿ ಎಸೆದು ಅಭ್ಯಾಸ ಮಾಡಿದ ಸ್ಥಳವದು. ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ತನ್ನ ಎಳೆಯರ ವಸತಿ ಅಕಾಡೆಮಿಯನ್ನು ಅಲ್ಲಿ ನಡೆಸಿದೆ. 2022ರಲ್ಲಿ ಆ ಕ್ಲಬ್ಬಿನ ಎಳೆಯರು ದೇಶದ ಕಿರಿಯರ ಲೀಗನ್ನು ಗೆದ್ದು, ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಕ್ಲಬ್ಬುಗಳ ಕಿರಿಯರೊಡನೆ ಆಡಿ ಬಂದರು. ದೇಶದ ಮೂಲೆ ಮೂಲೆಯ ಹುಡುಗರು ಬಳ್ಳಾರಿಯ ಬಿಸಿಲಿನಲ್ಲಿ ಒಟ್ಟಿಗೆ ಉಂಡು, ಓದಿ, ಆಡಿ ಬೆಳೆಯುವುದು ಸಣ್ಣ ಸಂಗತಿಯಲ್ಲ. ಒಂದು ಕಾಲದಲ್ಲಿ ಬೆಂಗಳೂರಿನವರಿಗೆ ಕಲಕತ್ತೆ ಹೇಗೋ ಹಾಗೆ ಈಗ ದೂರದೂರಿನ ಮಕ್ಕಳಿಗೆ ನಮ್ಮ ಸೀಮೆ.

ಆದರೆ ಇಂಥ ಅಕಾಡೆಮಿ ಎಷ್ಟೇ ಉತ್ತಮವಾದುದಾದರೂ ಅದು ಕೆರೆಯೇ ಹೊರತು ಮಳೆಯಲ್ಲ. ಹನ್ನೆರಡು, ಹದಿಮೂರರ ಹುಡುಗನನ್ನು ಅದು ಆರಿಸಿಕೊಳ್ಳಬಲ್ಲದು. ಆರರಿಂದ ಹನ್ನೆರಡರವರೆಗೆ ಅವನನ್ನು ಆಡಿಸಬೇಕಾದವರು ಊರಿನವರು, ಶಾಲೆಯವರು. ಕಂಪ್ಲಿಯಲ್ಲಿ, ಕಮಲಾಪುರದಲ್ಲಿ, ಸಂಡೂರಿನ ಗಣಿಯ ಹಳ್ಳಿಗಳಲ್ಲಿ ಎಷ್ಟು ಶಾಲೆಗಳಿಗೆ ವರ್ಷವೆಲ್ಲ ಉಳಿಯುವ ಮೈದಾನವಿದೆ? ಎಷ್ಟು ಶಾಲೆಗಳಲ್ಲಿ ಆಟದ ಪೀರಿಯಡ್ಡು ಪರೀಕ್ಷೆ ಹತ್ತಿರವಾದಂತೆ ಗಣಿತದ ಪೀರಿಯಡ್ಡಾಗಿ ಮಾರ್ಪಡುವುದಿಲ್ಲ? ಆ ಪಾಪದಲ್ಲಿ ನನ್ನದೂ ಪಾಲಿದೆ; ಮಾರ್ಚಿ ತಿಂಗಳಲ್ಲಿ ಆಟದ ಮೇಷ್ಟರಿಂದ ಪೀರಿಯಡ್ಡನ್ನು ಕೇಳಿ ಪಡೆದವರಲ್ಲಿ ನಾನೂ ಒಬ್ಬ.

ಇನ್ನೊಂದು ವ್ಯವಸ್ಥೆಯನ್ನು ನಮ್ಮವರು ಅರಿಯಬೇಕು. ಆಟಗಾರನೊಬ್ಬ ಹಣದ ಒಪ್ಪಂದದ ಮೇಲೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ, ಆ ಹಣದಲ್ಲಿ ಶೇಕಡ 5 ಭಾಗವನ್ನು ಅವನಿಗೆ 12ರಿಂದ 23ರ ವಯಸ್ಸಿನವರೆಗೆ ಕಲಿಸಿದ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮವುಂಟು. ಹಾಲು ಮಾರಿದವನು ಹಸುವಿಗೂ ಹುಲ್ಲು ಹಾಕಲಿ ಎಂಬ ನ್ಯಾಯ ಇದು. ಆದರೆ ದಾಖಲೆಯಲ್ಲಿ ಹೆಸರಿರುವ ಕ್ಲಬ್ಬಿಗೆ ಆ ಪಾಲು ಸಿಗುತ್ತದೆಯೇ ಹೊರತು, ಕೂಳೆಗದ್ದೆಯಲ್ಲಿ ಕಲ್ಲಿಟ್ಟು ಆಡಿಸಿದ ಹಳ್ಳಿಗೆ ಸಿಗುವುದಿಲ್ಲ. ನಮ್ಮ ಹಳ್ಳಿಯ ತಂಡಗಳು ಸಂಘವಾಗಿ, ಆಟಗಾರರ ಹೆಸರು ವಯಸ್ಸುಗಳನ್ನು ದಾಖಲು ಮಾಡಿಸುವುದನ್ನು ಕಲಿತರೆ ಹೋದ ಮಗನಿಂದ ಮನೆಗೆ ಮರಳುವ ದಾರಿಯೊಂದು ಕಾಗದದ ಮೇಲಾದರೂ ತೆರೆದಿರುತ್ತದೆ.

*

ಸಾಹಿತ್ಯಪುಟದಲ್ಲಿ ಕಾಲ್ಚೆಂಡಿನ ಮಾತೇಕೆ ಎಂದು ಕೆಲವರು ಕೇಳಿಯಾರು. ಹೊರಗೆ ಹೋಗಿ ಒಳಗನ್ನು ಬೆಳೆಸುವ ಕಷ್ಟಸುಖ ಕನ್ನಡ ಸಾಹಿತ್ಯಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಪರದೇಶದ ಕವಿತೆಗಳನ್ನು ತಂದಾಗ ಅವು ಇಲ್ಲಿ ಬೇರುಬಿಟ್ಟದ್ದು, ಪಂಪನಿಂದ ಹಿಡಿದು ಜನಪದರ ತನಕ ಉತ್ತು ಹದಮಾಡಿದ ನೆಲ ಇದ್ದುದರಿಂದ. ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, 1965ರಲ್ಲಿ, ಆದರೆ ಅದರ ಅಗ್ರಹಾರ ಮಲೆನಾಡಿನದು. ಬಾಲ್ಯದಲ್ಲಿ ಮಲೆನಾಡು ಕೊಟ್ಟಿರದಿದ್ದುದನ್ನು ಬರ್ಮಿಂಗ್‌ಹ್ಯಾಮ್ ಕೊಡಲಾರದಾಗಿತ್ತು. ಮಲೆನಾಡು ಕೊಟ್ಟದ್ದನ್ನು ಹೊರಗಿನಿಂದ ನೋಡುವ ದೂರವನ್ನು ಮಾತ್ರ ಕೊಟ್ಟಿತು. ಆಟಗಾರನಿಗೂ ಹೊರದೇಶ ಕೊಡುವುದು ಅಷ್ಟನ್ನೇ.

ಎರಡು ದಿನಗಳ ಮೇಲೆ ನಾನು ಆ ತಂದೆಗೆ ಹೇಳಿದೆ: “ಕಳಿಸಿರಿ. ಆದರೆ ಮೊದಲು ನೀವೇ ಹೋಗಿ ಆ ಸ್ಥಳವನ್ನು ಕಣ್ಣಾರೆ ಕಂಡುಬನ್ನಿ. ಶಾಲೆಯ ಓದು ನಡೆಯುತ್ತದೆಯೋ, ಗಾಯವಾದರೆ ಯಾರು ನೋಡುತ್ತಾರೆ, ಬೇಡವೆಂದರೆ ಯಾವಾಗ ಮನೆಗೆ ಕಳಿಸುತ್ತಾರೆ, ಇವು ಮೂರನ್ನೂ ಕೇಳಿ. ಹೊರಡುವ ಮುಂಚೆ ಹುಡುಗನಿಗೆ ಒಂದು ಮಾತು ಹೇಳಿ: ಆಯ್ಕೆಯಾಗದಿದ್ದರೆ ತಲೆ ತಗ್ಗಿಸಿ ಬರಬೇಕಾಗಿಲ್ಲ.”

ಹುಡುಗ ಹೋದ. ಮೂರು ದಿನ ಆಡಿಸಿ ನೋಡಿದರಂತೆ. ಆಯ್ಕೆಯಾಗಲಿಲ್ಲ. ಕಾಲಿನಲ್ಲಿ ಕಲೆ ಇದೆ, ಆದರೆ ಆಟದ ಶಿಕ್ಷಣ ಎರಡು ಮೂರು ವರ್ಷ ತಡವಾಗಿದೆ ಎಂದರಂತೆ. ತರಬೇತುದಾರರ ಮಾತು ಸರಿಯಾದದ್ದೇ. ಆದರೆ ಆ ತಡ ಹುಡುಗನದಲ್ಲ. ಅವನು ಆರು ವರ್ಷದಿಂದ ಗದ್ದೆಯಲ್ಲಿ ಸಮಯಕ್ಕೆ ಸರಿಯಾಗಿ ಹಾಜರಿದ್ದ. ತಡ ಮಾಡಿದವರು ನಾವು.

ನೂರು ಹುಡುಗರಲ್ಲಿ ಒಬ್ಬ ಹೋಗುತ್ತಾನೆ. ತೊಂಬತ್ತೊಂಬತ್ತು ಮಂದಿ ಹೀಗೆ ಮರಳುತ್ತಾರೆ. ರಾಷ್ಟ್ರೀಯ ತಂಡದ ಭವಿಷ್ಯವನ್ನು ಕುರಿತು ಮಾತನಾಡುವವರೆಲ್ಲ ಹೋದ ಒಬ್ಬನ ಬೆನ್ನನ್ನೇ ನೋಡುತ್ತಾರೆ. ಮರಳಿದವರಿಗೆ ಆಡಲು ನೆಲವೊಂದಿದ್ದರೆ ಅವರಲ್ಲಿ ಕೆಲವರು ಜಿಲ್ಲೆಗೆ ಆಡುತ್ತಾರೆ, ಕೆಲವರು ಕಿರಿಯರಿಗೆ ಕಲಿಸುತ್ತಾರೆ, ಉಳಿದವರು ತಮ್ಮ ಮಕ್ಕಳ ಕೈಹಿಡಿದು ಮೈದಾನಕ್ಕೆ ಬರುತ್ತಾರೆ. ಮುಂದಿನ ಒಬ್ಬ ಹುಟ್ಟುವುದು ಅವರ ನಡುವಿನಿಂದ. ನೆಲವಿಲ್ಲದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯಿತು.

ಹುಡುಗ ಈಗ ಸಂಜೆ ತನಗಿಂತ ಚಿಕ್ಕವರಿಗೆ, ಆ ಮೂರು ದಿನಗಳಲ್ಲಿ ಕಂಡು ಬಂದ ಅಭ್ಯಾಸಗಳನ್ನು ಮಾಡಿಸುತ್ತಿದ್ದಾನೆ. ಗದ್ದೆಗೆ ನೀರು ಬಂದಿದೆ. ಆಟ ಶಾಲೆಯ ಮುಂದಿನ ಇಕ್ಕಟ್ಟಾದ ಅಂಗಳಕ್ಕೆ ಬಂದಿದೆ. ಊರಿಗೆ ಒಂದು ಎಕರೆ ಜಾಗ, ವರ್ಷದ ಹನ್ನೆರಡು ತಿಂಗಳೂ ಆಟಕ್ಕೇ ಮೀಸಲಾದದ್ದು ಬೇಕೆಂದು ಪಂಚಾಯಿತಿಗೆ ಅರ್ಜಿ ಬರೆದೆವು. ಮೊದಲ ರುಜು ಆ ಬಾಳೆತೋಟದ ರೈತರದು, ಎರಡನೆಯದು ನನ್ನದು.